ಮುಗಿಯದ ಕೌದಿಯ ಕಾಕು

ಗದಗ ಕಡೆಯ ಹೊಂಬಳದಂಥ ಊರಿನಲ್ಲಿ ಓಣಿಗೊಬ್ಬ ಕಾಕು ಇರುತ್ತಾಳೆ. ಜೂನ್, ಜುಲೈ ಆಕೆಗೆ ಗೊತ್ತಿಲ್ಲವೆಂದಲ್ಲ, ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೆ. ಗ್ಯಾಸ್ ಸಿಲಿಂಡರ್ ಬಂದದ್ದು ಯಾವಾಗ ಎಂದು ಕೇಳಿದರೆ ‘ಕಾರಹುಣ್ಣಿಮಿ ಆಗಿ ನಾಕ್ ದಿನಕ್ಕ’ ಎನ್ನುತ್ತಾಳೆ. ಸೊಸೆ ಕ್ಯಾಲೆಂಡರಿನ ಮುಂದೆ ನಿಂತು ತಾರೀಖು ಹುಡುಕಿಕೊಳ್ಳಬೇಕು.

ಪಡಸಾಲೆಯಲ್ಲಿ ಒಂದು ಕೌದಿ ಸದಾ ಹಾಸಿಯೇ ಇರುತ್ತದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸುತ್ತಲೂ ಹೊಲಿಗೆ ಹಾಕುತ್ತ ಬರುವ ಕೆಲಸ. ಮೊಮ್ಮಗನ ತೊಟ್ಟಿಲಿಗೆಂದು ಶುರುವಾದದ್ದು. ಮೊಮ್ಮಗ ಈಗ ಸಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಾನೆ. ಕೌದಿ ಮಾತ್ರ ನಡುವಿನ ಚೌಕ ಮುಟ್ಟಿಲ್ಲ.

ತಪ್ಪು ಕಾಕುವಿನದಲ್ಲ, ಪಂಚಾಂಗದ್ದು. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ತಂದು ಎತ್ತು ಮಾಡಬೇಕು. ಅಂಗಡಿಯಲ್ಲಿ ಬಣ್ಣ ಬಳಿದ ಎತ್ತು ಸಿಗುತ್ತವೆ, ಆದರೆ ಕಾಕು ಅವುಗಳ ಕೋಡು ನೋಡಿಯೇ ಮುಖ ತಿರುಗಿಸುತ್ತಾಳೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ ಕೂಡುತ್ತಾಳೆ. ಹಸಿಮಣ್ಣಿಗೆ ಗುಲಗಂಜಿ, ಕುಸುಬಿ ಒತ್ತಿ ಸಿಂಗರಿಸುವ ಹುಡುಗಿಯರ ನಡುವೆ ಕೂತು, ‘ಮೂಗು ಮ್ಯಾಲಾತು, ಇಳಸ್ರೆವಾ’ ಎಂದು ತಿದ್ದುವ ಹೊತ್ತಿಗೆ ಸೂಜಿ ಎಲ್ಲಿಟ್ಟೆನೆಂಬುದು ಮರೆತಿರುತ್ತದೆ. ಪಂಚಮಿ ಬಂದರೆ ಉಂಡಿ ಕಟ್ಟಬೇಕು, ಜೋಕಾಲಿ ಹಗ್ಗ ಜಗ್ಗಿ ಪರೀಕ್ಷೆ ಮಾಡಬೇಕು. ಗಣೇಶ ಚೌತಿಯ ಬೆನ್ನಿಗೆ ಬುಟ್ಟಿಯಲ್ಲಿ ಜೋಕುಮಾರ ಬರುತ್ತಾನೆ. ಏಳೇ ದಿನ ಬಾಳುವ ಆ ಮಳೆ ತರುವ ದೇವರಿಗೆ ಮೊರದ ತುಂಬ ಜೋಳ ಕೊಟ್ಟು, ‘ಹ್ವಾದ್ ವರ್ಷ ಸರಿಯಾಗಿ ಹೇಳಲಿಲ್ಲ ಮ್ಯಾಲ ಹೋಗಿ’ ಎಂದು ಗದರಿಸಲು ಬಿಡುವು ಬೇಡವೇ? ಶೀಗಿಹುಣ್ಣಿಮೆ, ದೀಪಾವಳಿ, ಎಳ್ಳಮಾವಾಸ್ಯೆ ಸಾಲುಗಟ್ಟಿ ನಿಂತಿರುತ್ತವೆ. ಚರಗ ಚೆಲ್ಲಲು ಹೊಲಕ್ಕೆ ಹೋಗುವ ಬುತ್ತಿಯಲ್ಲಿ ಸಜ್ಜಿರೊಟ್ಟಿ ಎಷ್ಟಿರಬೇಕೆಂಬುದು ಓಣಿಯಲ್ಲಿ ಆಕೆಯ ತೀರ್ಮಾನ.

ಓದಿನಲ್ಲೂ ಕಾಕು ಹಿಂದೆ ಬಿದ್ದವಳಲ್ಲ. 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣರ ಅಧ್ಯಕ್ಷತೆಯಲ್ಲಿ 76ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಊಟದ ಸಾಲಿಗಿಂತ ಮೊದಲು ಪುಸ್ತಕದ ಮಳಿಗೆ ಹೊಕ್ಕವಳು. ಅಲ್ಲಿ ಕೊಂಡ ಅವರ ‘ಬದುಕು’ ಕಾದಂಬರಿ ಓಣಿಯನ್ನೆಲ್ಲ ಸುತ್ತಿ ಬಂದಿದೆ. ಕಷ್ಟವೆಂದರೆ, ಪುಸ್ತಕ ಕಡ ಕೊಡುವಾಗ ಕೊನೆಗೆ ಏನಾಗುತ್ತದೆಂದು ಹೇಳಿಯೇ ಕೊಡುತ್ತಾಳೆ. ತ್ರಿವೇಣಿಯ ‘ಶರಪಂಜರ’ದ ಅಂತ್ಯ ಹೀಗೆ ಎಷ್ಟು ಹೆಣ್ಣುಮಕ್ಕಳಿಗೆ ಬಾಗಿಲಲ್ಲೇ ಸಿಕ್ಕಿದೆಯೋ! ಶ್ರಾವಣದ ಪುರಾಣದಲ್ಲೂ ಅದೇ ಚಾಳಿ. ಓದುವವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಅಧ್ಯಾಯ ಆಕೆಯ ಬಾಯಲ್ಲಿ ಮುಗಿದಿರುತ್ತದೆ.

ಕುಣಿತದ ವಿಷಯ ಬಂದರೆ ಮೊಣಕಾಲು ನೋವು ಮಾಯ. ಸಾಲೆಯ ಗ್ಯಾದರಿಂಗಿಗೆ ಹುಡುಗಿಯರು ಮೊಬೈಲ್ ನೋಡಿ ಸಿನಿಮಾ ಹಾಡಿಗೆ ತಾಲೀಮು ನಡೆಸಿದ್ದರೆ ಕಾಕು ಬಾಗಿಲಲ್ಲಿ ನಿಂತು, ‘ಇದ ಕುಣಿತೇನವಾ, ಕಸರತ್ತೋ?’ ಎನ್ನುತ್ತಾಳೆ. ಮರುದಿನ ಜಡೆ ಕೋಲಾಟ ಶುರು. ಮೇಲೆ ಕಟ್ಟಿದ ಬಣ್ಣದ ಹಗ್ಗಗಳ ತುದಿ ಒಂದೊಂದು ಕೈಯಲ್ಲಿ. ಕೋಲು ಹೊಡೆಯುತ್ತ ಒಬ್ಬರು ಒಳಗೆ, ಒಬ್ಬರು ಹೊರಗೆ ಸುತ್ತಿದರೆ ಜಡೆ ಹೆಣೆಯುತ್ತದೆ, ತಿರುವುಮುರುವಾಗಿ ಕುಣಿದರೆ ಬಿಚ್ಚುತ್ತದೆ. ಒಬ್ಬಳು ಹೆಜ್ಜೆ ತಪ್ಪಿದರೆ ಎಲ್ಲರಿಗೂ ಗಂಟು. ಗಂಟು ಬಿದ್ದೇ ಬೀಳುತ್ತದೆ. ಆಗ ಕಾಕು ಸೆರಗಿನಲ್ಲಿ ಚುಚ್ಚಿಕೊಂಡಿದ್ದ ದಬ್ಬಣ ತೆಗೆದು, ಸ್ಟೂಲು ಹತ್ತಿ, ಬಯ್ಯುತ್ತ ಬಯ್ಯುತ್ತ ಎಳೆ ಬಿಡಿಸುತ್ತಾಳೆ. ಮನೆಯಲ್ಲಿ ಮೂರು ದಿನದಿಂದ ಹುಡುಕುತ್ತಿದ್ದ ದಬ್ಬಣ ಅದು.

ಇಂಥವಳ ಬಗ್ಗೆ ಮನೆಯವರ ದೂರು ದೊಡ್ಡದಿದೆ: ಆಕೆ ಯಾರನ್ನೂ ಸುಮ್ಮನೆ ಕೂಡಲು ಬಿಡುವುದಿಲ್ಲ. ದೂರು ಖರೆ. ಮಗ ಎರೆಮಣ್ಣು ತರುತ್ತಾನೆ, ಸೊಸೆ ಕಡಬು ಮಾಡುತ್ತಾಳೆ, ಮೊಮ್ಮಗ ದಾರ ಪೋಣಿಸುತ್ತಾನೆ. ಹಬ್ಬ ಮಾಡಿದವಳು ಕಾಕು ಎಂದು ಊರು ಹೇಳುತ್ತದೆ.

ಆ ಕಡೆ ಹೋಗುವವರು ಕೈಬೀಸಿಕೊಂಡು ಹೋಗಬಾರದು. ಮನೆಯಲ್ಲಿ ಹಳೆಯ ನೂಲಿನ ಸೀರೆ ಇದ್ದರೆ ಒಂದು ಒಯ್ಯಿರಿ. ಪಾಲಿಸ್ಟರ್ ಬೇಡ, ಹೊಲಿಯುವಾಗ ಜಾರುತ್ತದೆ, ಬೈಸಿಕೊಳ್ಳುತ್ತೀರಿ.