ಮುದ್ರಾಮೀಮಾಂಸೆ

ಬ್ರಹ್ಮವೊಂದೇ ಮೂಲಪ್ರತಿ, ಉಳಿದದ್ದೆಲ್ಲ ಜೆರಾಕ್ಸ್. ಆ ಜೆರಾಕ್ಸಿಗೆ ಸತ್ಯತ್ವ ಪ್ರಾಪ್ತವಾಗುವುದು ದುಂಡು ಮುದ್ರೆಯಿಂದ. ಇದು ಈ ಶಾಸ್ತ್ರದ ಪ್ರಥಮ ಸೂತ್ರ.

ಈಗ ವಿಷಯನಿರೂಪಣೆ. ಒಂದು ಮನೆ, ಹಲವು ಒಡೆಯರು, ಒಬ್ಬೊಬ್ಬರಿಗೆ ವರ್ಷಕ್ಕೊಂದು ವಾರ: ಇದಕ್ಕೆ ಟೈಮ್‌ಶೇರ್ ಎಂದು ಹೆಸರಿಟ್ಟು ಪಾಶ್ಚಾತ್ಯರು ಬೀಗುತ್ತಾರೆ. ಕಾರವಾರದ ಬೈತಖೋಲದಲ್ಲಿ ಇದು ಅಜ್ಜನ ಕಾಲದಿಂದಲೂ ಇದೆ. ಬಂದರಿನ ಮೇಲಿನ ಹೆಂಚಿನ ಮನೆ, ಉತಾರದಲ್ಲಿ ಏಳು ಹೆಸರು. ಮುಂಬೈಯವರಿಗೆ ಚೌತಿಯ ವಾರ, ಗೋವೆಯವರಿಗೆ ಮೇ ತಿಂಗಳು. ಮಳೆಗಾಲದಲ್ಲಿ ಸೋರುವ ಮಾಡು ಮಾತ್ರ ಇಲ್ಲೇ ಇರುವವರ ಪಾಲು. ಇಂಥ ಮನೆಯಲ್ಲಿ ಮುಂಬೈಯ ಅಣ್ಣ ತನ್ನ ಪಾಲು ಮಾರಲು, ಕೊಲ್ಲಿಯಲ್ಲಿ ನರ್ಸ್ ಆಗಿರುವ ತಂಗಿ ಅದನ್ನು ಕೊಳ್ಳಲು ಒಪ್ಪಿದರೆನ್ನಿ. ತಂಗಿಯ ಪರವಾಗಿ ಸಹಿ ಹಾಕಬೇಕಾದ ಮುಖ್ತ್ಯಾರನೇ ಪ್ರಸ್ತುತ ಪ್ರಬಂಧಕಾರ.

ಮುದ್ರೆಗಳು ಪಂಚವಿಧ. ಮೊದಲನೆಯದು ವೃತ್ತಮುದ್ರೆ, ಅದರ ಮಹಿಮೆ ಆಗಲೇ ಹೇಳಿದೆ. ಎರಡನೆಯದು ಆಯತಮುದ್ರೆ: ಇದರಲ್ಲಿ ಅಧಿಕಾರಿಯ ಹೆಸರಿರುತ್ತದೆ, ಅದರ ಮೇಲೇ ಸಹಿ ಬಿದ್ದು ಎರಡೂ ಓದಲು ಬಾರದಂತಿರಬೇಕು. ಮೂರನೆಯದು ಉಬ್ಬುಮುದ್ರೆ: ಬೆರಳಿಗೆ ಗೋಚರ, ಜೆರಾಕ್ಸಿಗೆ ಅಗೋಚರ, ‘ಮುದ್ರೆ ಇಲ್ಲ’ ಎಂದು ವಾಪಸಾಗುವುದು ಇದರ ಲಕ್ಷಣ. ನಾಲ್ಕನೆಯದು ಅಪೊಸ್ಟಿಲ್: 1961ರ ಹೇಗ್ ಒಪ್ಪಂದದಲ್ಲಿ ಅವತರಿಸಿ 2005ರಲ್ಲಿ ಭಾರತಕ್ಕೆ ಅನ್ವಯವಾದ ಚೌಕಾಕಾರದ ದೇವತೆ. ಒಮಾನ್, ಬಹರೈನ್‌ಗಳಲ್ಲಿ ಈ ದೇವತೆ ಒಲಿಯುತ್ತದೆ. ಕುವೈತ್ ಆ ಒಪ್ಪಂದದಲ್ಲೇ ಇಲ್ಲ, ಅಲ್ಲಿಯವರಿಗೆ ನಮ್ಮ ರಾಯಭಾರ ಕಚೇರಿಯೇ ಗತಿ. ಐದನೆಯದು... ಹೋಗಲಿ ಬಿಡಿ. ಐದನೆಯದನ್ನು ಕೇಳಿದ ಗುಮಾಸ್ತರಿಗೇ ಅದೇನೆಂದು ಗೊತ್ತಿರಲಿಲ್ಲ.

1908ರ ನೋಂದಣಿ ಕಾಯ್ದೆಯ 33ನೇ ಕಲಮಿನಲ್ಲಿ ಗೊಂದಲವೇನೂ ಇಲ್ಲ. ಹೊರದೇಶದಲ್ಲಿರುವವರ ಮುಖ್ತ್ಯಾರನಾಮೆಗೆ ನೋಟರಿ, ನ್ಯಾಯಾಧೀಶರು, ಮ್ಯಾಜಿಸ್ಟ್ರೇಟ್, ಭಾರತದ ಕಾನ್ಸಲ್, ಇಂಥವರಲ್ಲಿ ಯಾರಾದರೊಬ್ಬರ ದೃಢೀಕರಣ ಸಾಕು. ಕಾಗದ ಇಲ್ಲಿಗೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆದರೆ ನೋಂದಣಿ ಕಚೇರಿಯ ಕೌಂಟರಿನ ಭಾಷ್ಯಕಾರರ ಮತ ಬೇರೆ. ಕಾನ್ಸಲರ ಮುದ್ರೆ ಇದ್ದರೂ ಅದರ ಮೇಲೊಂದು ಇಲ್ಲಿಯ ನೋಟರಿ ಬೇಕು. ತಂಗಿಗೆ ಉತಾರದಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು; ಹಾಗಾಗಿ ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಬೇಕು. ಅದನ್ನೂ ಅವಳೇ ಅಲ್ಲಿಂದ ಮಾಡಿಸಿ ಕಳಿಸಬೇಕು.

ರಾತ್ರಿ ಪಾಳಿ ಮುಗಿಸಿ ನೇರ ರಾಯಭಾರ ಕಚೇರಿಯ ಸಾಲಿಗೆ ಹೋಗಿ ನಿಂತವಳು ಅವಳು. “ದಾದಾ, ಇನ್ನೊಂದ್ಸಲ ರಜೆ ಕೇಳಿದ್ರೆ ಕೆಲಸಾನೇ ಬಿಡು ಅಂತಾರೆ” ಅಂದಳು. ಇದಕ್ಕೆ ಯಾವ ಸೂತ್ರ ಹಚ್ಚಲಿ?

ಇಲ್ಲಿಯ ನೋಟರಿಯನ್ನು ರಸ್ತೆ ಬದಿಯಲ್ಲೇ ಮಾಡಿಸಿದೆ. ಬೈಕಿನ ಸೀಟಿನ ಮೇಲೆ ಕಾಗದವಿಟ್ಟು ಮುದ್ರೆ ಒತ್ತಿದರು. ಅವರು ನನ್ನ ತಂಗಿಯನ್ನು ಕಂಡವರಲ್ಲ, ಕಾಗದವನ್ನೂ ಓದಲಿಲ್ಲ. ಆ ಮುದ್ರೆ ಕೌಂಟರಿನಲ್ಲಿ ತಕ್ಷಣ ಪಾಸಾಯಿತು. ಅವಳು ಅಧಿಕಾರಿಯ ಎದುರು ನಿಂತು ಹಾಕಿದ ಸಹಿಯ ಮೇಲೆ ಮಾತ್ರ ಇನ್ನೂ ಅನುಮಾನ!

ಇದೇ ತಾಲ್ಲೂಕಿನ ಅರ್ಗಾದ ಕಡೆಯ ನೆಲ ಸೀಬರ್ಡ್ ನೌಕಾನೆಲೆಗೆ ಹೋಯಿತು. 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ. ನೆಲ ತೆಗೆದುಕೊಳ್ಳುವಾಗ ಸರಕಾರಕ್ಕೆ ಯಾವ ಅಜ್ಜಿಯ ಒಪ್ಪಿಗೆ ಸಹಿಯೂ ಬೇಕಾಗಲಿಲ್ಲ, ನೋಟೀಸು ಸಾಕಾಯಿತು. ನಮ್ಮದೇ ಮನೆಯ ಪಾಲು ನಮ್ಮದೇ ಅಣ್ಣನಿಂದ ನಮ್ಮದೇ ತಂಗಿಗೆ ಹೋಗಬೇಕಾದರೆ ಇಷ್ಟು. ಪರದೇಶದಲ್ಲಿ ದುಡಿದ ಹಣವನ್ನು ಸೋರುವ ಮಾಡಿಗೆ ಹಾಕುತ್ತೇನೆ ಅನ್ನುವವಳು ಊರಿಗೆ ಅವಳೊಬ್ಬಳೇ. ಅವಳೂ ಬೇಸತ್ತು ಬೇಡವೆಂದರೆ ಆ ಏಳು ಹೆಸರು ಉತಾರದಲ್ಲಷ್ಟೇ ಉಳಿಯುತ್ತವೆ.

ಕೌಂಟರಿನವರಲ್ಲಿ ವಿನಂತಿ: 33ನೇ ಕಲಮನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಬೇಕಿದ್ದರೆ ಅದಕ್ಕೂ ನಾನೇ ನೋಟರಿ ಮಾಡಿಸಿ ತಂದುಕೊಡುತ್ತೇನೆ.