ಹ್ಯಾವ್ ಮೀಮಾಂಸೆ

ಇಂಗ್ಲಿಷಿನ ‘ಹ್ಯಾವ್’ ಎಂಬ ಕ್ರಿಯಾಪದದ ಕುಲಗೋತ್ರಗಳ ಬಗ್ಗೆ ಲೋಕದಲ್ಲಿ ಉಡಾಫೆಯ ಮಾತು ಹೆಚ್ಚಾಗಿರುವುದರಿಂದ ಈ ಗಂಭೀರ ಪ್ರಬಂಧ ಅನಿವಾರ್ಯವಾಗಿದೆ.

ಪೂರ್ವಪಕ್ಷ: ಲ್ಯಾಟಿನ್ನಿನ ‘ಹಬೇರೆ’ ಎಂದರೆ ತನ್ನಲ್ಲಿ ಇಟ್ಟುಕೊಂಡಿರುವುದು, ಜರ್ಮನ್ನಿನ ‘ಹಾಬೆನ್’, ಇಂಗ್ಲಿಷಿನ ‘ಹ್ಯಾವ್’ ಎಂದರೂ ಅದೇ. ಮುಖಚಹರೆ ಒಂದು, ಅರ್ಥ ಒಂದು. ಒಡಹುಟ್ಟಿದವರೆನ್ನಲು ಜಾತಕ ಬೇರೆ ನೋಡಬೇಕೆ?

ನೋಡಬೇಕು. ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮದಂತೆ, ಲ್ಯಾಟಿನ್ನಿನಲ್ಲಿ ಕಕಾರವಿದ್ದ ಕಡೆ ಇಂಗ್ಲಿಷಿನಲ್ಲಿ ಹಕಾರ ಬರುತ್ತದೆ: ‘ಕೆಂಟುಮ್’ಗೆ ‘ಹಂಡ್ರೆಡ್’, ‘ಕೊರ್ನು’ವಿಗೆ ‘ಹಾರ್ನ್’. (ಪಾಲು ಹಾಲಾಗಿ, ಪುಲಿ ಹುಲಿಯಾದದ್ದನ್ನು ಅರಗಿಸಿಕೊಂಡ ಕನ್ನಡಿಗರು ಇದಕ್ಕೆಲ್ಲ ಬೆಚ್ಚುವವರಲ್ಲ.) ಅಂದಮೇಲೆ ‘ಹ್ಯಾವ್’ನ ನಿಜವಾದ ದಾಯಾದಿ ‘ಹಬೇರೆ’ ಅಲ್ಲ, ‘ಕಪೆರೆ’, ಎಂದರೆ ಹಿಡಿಯುವುದು, ವಶಪಡಿಸಿಕೊಳ್ಳುವುದು. ‘ಕ್ಯಾಪ್ಚರ್’ ಹುಟ್ಟಿದ್ದೂ ಅದೇ ಮನೆಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಬರೆದವರು ಈ ವ್ಯುತ್ಪತ್ತಿಯೊಂದನ್ನು ಬರೆದು ಸುಮ್ಮನಾಗಬಹುದಿತ್ತು.

ಹಾಗಾದರೆ ‘ಹಬೇರೆ’ಯ ನೆಂಟರು ಯಾರು? ಭಾಷಾಶಾಸ್ತ್ರಜ್ಞರು ಅದನ್ನು ಕೊಂಡೊಯ್ದು ‘ಗಿವ್’ನ ಪಕ್ಕ ಕೂರಿಸಿದ್ದಾರೆ. ಇಟ್ಟುಕೊಳ್ಳುವವನಿಗೆ ಕೊಡುವವನು ನೆಂಟ! ಒಂದೇ ಮನೆತನದಲ್ಲಿ ಇಂಥ ಸ್ವಭಾವಭೇದ ಇದ್ದದ್ದೇ.

‘ಗಿವ್’ನ ಕಥೆ ಇನ್ನೂ ಸೊಗಸು. ಹಳೆಯ ಇಂಗ್ಲಿಷಿನವರು ಅದನ್ನು ಯಕಾರದಿಂದ ನುಡಿಯುತ್ತಿದ್ದರು; ಗಟ್ಟಿ ಗಕಾರ ಬಂದದ್ದು ವೈಕಿಂಗರ ನುಡಿಯಿಂದ. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ದೋಚಿದವರ ಕುಲಬಾಂಧವರೇ ‘ಟೇಕ್’ ಎಂಬ ಪದವನ್ನೂ ಇಂಗ್ಲಿಷಿಗೆ ದಾನ ಮಾಡಿದರು. ಅದುವರೆಗೆ ಆ ಕೆಲಸ ಮಾಡುತ್ತಿದ್ದ ‘ನಿಮನ್’ ಕೆಲಸ ಕಳೆದುಕೊಂಡು, ‘ನಿಮ್’ ಎಂಬ ಹೆಸರಿನಲ್ಲಿ ಸಣ್ಣಪುಟ್ಟ ಕಳ್ಳತನಕ್ಕಿಳಿಯಿತು.

ಇನ್ನು ಸಾಲ. ‘ಹಬೇರೆ’ಗೆ ‘ದೆ’ ಸೇರಿದರೆ ‘ದೆಬೇರೆ’, ಇನ್ನೊಬ್ಬರದನ್ನು ಕೊಡದೆ ಇಟ್ಟುಕೊಳ್ಳುವುದು; ಅದರಿಂದ ‘ಡೆಟ್’. ಫ್ರೆಂಚಿನ ಹಾದಿಯಲ್ಲಿ ಬರುವಾಗ ಅದರ ಬಕಾರ ಉದುರಿಹೋಗಿತ್ತು. ಪಂಡಿತರು ಲ್ಯಾಟಿನ್ನಿನ ಮರ್ಯಾದೆಗಾಗಿ ಅದನ್ನು ಬರಹದಲ್ಲಿ ಮತ್ತೆ ತುರುಕಿದರು, ಜನ ಉಚ್ಚರಿಸಲಿಲ್ಲ. ಸಾಲಪತ್ರದಲ್ಲಿರುವುದೆಲ್ಲ ಬಾಯಲ್ಲಿ ಬರಬೇಕೆಂದೇನಿಲ್ಲ.

ಸಿದ್ಧಾಂತ: ಕನ್ನಡಕ್ಕೆ ‘ಹ್ಯಾವ್’ನಂಥ ಕ್ರಿಯಾಪದವೇ ಇಲ್ಲ. ‘ನನಗೆ ಮನೆಯಿದೆ’ ಎಂಬಲ್ಲಿ ಕರ್ತೃಸ್ಥಾನ ಮನೆಯದು. ಯಜಮಾನ ಚತುರ್ಥಿ ವಿಭಕ್ತಿ ಹೊತ್ತು ಜಗಲಿಯಲ್ಲಿ ನಿಂತಿರುತ್ತಾನೆ. ‘ನನಗೆ ಸಾಲವಿದೆ’ ಎಂಬಲ್ಲಿಯೂ ಇರುವುದು ಸಾಲವೇ ಹೊರತು ಸಾಲಗಾರನಲ್ಲ. ವ್ಯಾಕರಣದ ದೃಷ್ಟಿಯಿಂದ ಈ ವಾದ ನಿರ್ದುಷ್ಟ. ಬ್ಯಾಂಕಿನಲ್ಲಿ ಇದನ್ನು ಮಂಡಿಸಲಿಚ್ಛಿಸುವ ಓದುಗರು ಸ್ವಂತ ಜವಾಬ್ದಾರಿಯ ಮೇಲೆ ಮಂಡಿಸತಕ್ಕದ್ದು.