ಒಲೆ ಬೇರೆ, ಪಹಣಿ ನಿಮ್ಮದೇ: ಬಿಟಿ ಸಮೂಹದ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಲಂಡನ್ನಿನ ದೂರವಾಣಿ ಕಂಪನಿ ಬಿಟಿ ಸಮೂಹದ ಮಾನ್ಯ ಅಧ್ಯಕ್ಷರಿಗೆ,

ತಮ್ಮ ಮನೆಯಲ್ಲಿ ಪಾಲಾದ ಸುದ್ದಿ ನಮಗೆ ತಲುಪಿ ವರ್ಷಗಳೇ ಕಳೆದಿವೆ. ಅಭಿನಂದನೆ ತಡವಾಗಿ ಬರುತ್ತಿರುವುದಕ್ಕೆ ಕಾರಣವಿದೆ: ಪಾಲು ನಿಜವಾಗಿಯೂ ಆಗಿದೆಯೋ ಇಲ್ಲವೋ ಎಂಬುದು ಪಾಲುಪಟ್ಟಿಯನ್ನು ಎಷ್ಟು ಸಲ ಓದಿದರೂ ಸುಲಭಕ್ಕೆ ತಿಳಿಯುವಂತಿಲ್ಲ. ಬ್ರಿಟನ್ನಿನ ಬಹುಪಾಲು ಮನೆಗಳಿಗೆ ಹೋಗುವ ದೂರವಾಣಿ ತಂತಿ, ಅದು ಹಾಯುವ ನೆಲದಡಿಯ ಕೊಳವೆ, ಅದನ್ನು ಹೊರುವ ಕಂಬ ಎಲ್ಲವೂ ಸರ್ಕಾರಿ ಕಾಲದಿಂದ ತಮ್ಮ ಕಂಪನಿಗೆ ಬಂದ ಆಸ್ತಿ. ಸ್ಕೈ, ಟಾಕ್‌ಟಾಕ್, ವೊಡಾಫೋನ್ ಮುಂತಾದವರು ಅದೇ ತಂತಿಯನ್ನು ಸಗಟಾಗಿ ಬಾಡಿಗೆಗೆ ಪಡೆದು, ಬಿಟಿಯದೇ ಚಿಲ್ಲರೆ ವ್ಯಾಪಾರದ ಎದುರು ಬ್ರಾಡ್‌ಬ್ಯಾಂಡ್ ಮಾರಬೇಕು. ಎದುರಾಳಿಯ ಹತ್ತಿರವೇ ಸರಕು ಕೊಳ್ಳಬೇಕಾದವನ ಪಾಡು ಏನೆಂದು ವಿವರಿಸಬೇಕಿಲ್ಲ. ಅದಕ್ಕಾಗಿಯೇ 2005ರಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ, ಎಲ್ಲ ಗಿರಾಕಿಗಳನ್ನೂ ಸಮಾನವಾಗಿ ಕಾಣುವುದಾಗಿ ತಾವು ಮುಚ್ಚಳಿಕೆ ಬರೆದುಕೊಟ್ಟಿರಿ; 2006ರ ಜನವರಿಯಲ್ಲಿ ಈ ಜಾಲವನ್ನು ನಡೆಸಲು ಓಪನ್‌ರೀಚ್ ಎಂಬ ವಿಭಾಗ ಹುಟ್ಟಿತು. ಅದು ಸಾಲದೆಂದು ಕೂಗೆದ್ದಾಗ, 2017ರ ಮಾರ್ಚ್ 10ರಂದು ಅದನ್ನೇ ಪ್ರತ್ಯೇಕ ಕಂಪನಿಯಾಗಿಸಲು ಒಪ್ಪಿದಿರಿ.

ಏನೆಲ್ಲ ಬೇರೆಯಾಯಿತು ಎಂದು ನೋಡಿದರೆ ಸಂಭ್ರಮಪಡದೆ ಇರಲಾಗದು. ಓಪನ್‌ರೀಚ್ ಲಿಮಿಟೆಡ್ ಎಂಬ ಹೆಸರು ಬಂತು. ಬಹುಮತ ಸ್ವತಂತ್ರ ಸದಸ್ಯರದ್ದೇ ಆಗಿರುವ ನಿರ್ದೇಶಕ ಮಂಡಳಿ ಬಂತು. ವ್ಯಾನುಗಳ ಮೇಲಿದ್ದ ಬಿಟಿ ಗುರುತು ಹೋಯಿತು. 2018ರ ಅಕ್ಟೋಬರ್ ವೇಳೆಗೆ 30 ಸಾವಿರಕ್ಕೂ ಹೆಚ್ಚು ನೌಕರರು ಹೊಸ ಕಂಪನಿಯ ಲೆಕ್ಕಕ್ಕೆ ಬಂದರು. ಬಾರದೆ ಉಳಿದದ್ದು ಒಂದು ಸಣ್ಣ ಬಾಬತ್ತು ಮಾತ್ರ: ಆಸ್ತಿ. ತಂತಿ, ಕೊಳವೆ, ಕಂಬಗಳ ಒಡೆತನ ತಮ್ಮಲ್ಲೇ ಇದೆ. ನಡೆಸುವ ಅಧಿಕಾರವಷ್ಟೇ ಓಪನ್‌ರೀಚ್‌ನದು. ಅದರ ಮಂಡಳಿ ತನ್ನ ಯೋಜನೆಯನ್ನು ತಾನೇ ರೂಪಿಸಿಕೊಳ್ಳಬಹುದು, ತಾವು ಗೊತ್ತುಮಾಡಿದ ಒಟ್ಟು ಬಜೆಟ್ಟಿನ ಒಳಗೆ. ಷೇರುಗಳೂ ನೂರಕ್ಕೆ ನೂರು ತಮ್ಮವೇ. ನಮ್ಮ ಹಳ್ಳಿಗಳಲ್ಲಿ ಮಗನಿಗೆ ಒಲೆ ಬೇರೆ ಮಾಡಿಕೊಟ್ಟು, ಪಹಣಿಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು, ತಿಂಗಳ ಖರ್ಚಿಗೆ ಎಷ್ಟು ಕೊಡಬೇಕೆಂದು ತಾವೇ ತೀರ್ಮಾನಿಸುವ ಯಜಮಾನರಿದ್ದಾರೆ. ಆದರೆ ಮಗ ಈಗ ಸ್ವತಂತ್ರ ಎಂದು ಅವರು ಪತ್ರಿಕಾ ಹೇಳಿಕೆ ಹೊರಡಿಸುವುದಿಲ್ಲ. ಬೇರೆಯಾದದ್ದು ಬೇರೆಯಾಗಿಯೇ ಇದೆಯೇ ಎಂದು ನೋಡಿಕೊಳ್ಳಲು ಆಫ್‌ಕಾಮ್ ಒಂದು ಪ್ರತ್ಯೇಕ ಘಟಕವನ್ನೇ ಇಡಬೇಕಾಯಿತು ಎಂಬುದನ್ನೂ ಈ ಸಂಭ್ರಮದ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಸ್ವಾತಂತ್ರ್ಯಕ್ಕೆ ಹೆಸರು, ಬಣ್ಣ, ಮಂಡಳಿ ಯಾವುದೂ ಪುರಾವೆಯಲ್ಲ. ತಾಯಿ ಕಂಪನಿಗೆ ನಷ್ಟವಾಗುವ ನಿರ್ಧಾರವನ್ನು ಅಂಗಸಂಸ್ಥೆ ತೆಗೆದುಕೊಂಡು, ಅದಕ್ಕೆ ಬೇಕಾದ ಹಣವನ್ನೂ ತಾನೇ ಹೊಂದಿಸಬಲ್ಲದೇ ಎಂಬುದೊಂದೇ ಪರೀಕ್ಷೆ. ಮೊದಲ ಹನ್ನೊಂದು ವರ್ಷಗಳ ಪ್ರತ್ಯೇಕತೆ ಈ ಪರೀಕ್ಷೆಯಲ್ಲಿ ಹೇಗೆ ನಿಂತಿತು ನೋಡಿ. 2016ರ ಹೊತ್ತಿಗೆ ಬ್ರಿಟನ್ನಿನಲ್ಲಿ ಮನೆಯೊಳಗಿನವರೆಗೆ ಫೈಬರ್ ಎಳೆಸಿಕೊಳ್ಳಬಹುದಾಗಿದ್ದ ಕಟ್ಟಡಗಳು ಶೇಕಡಾ 2ರ ಆಸುಪಾಸಿನಲ್ಲಿದ್ದವು. ಉಳಿದ ಬಹುತೇಕ ಕಡೆ ಫೈಬರ್ ಎಂದು ಮಾರುತ್ತಿದ್ದುದು ಬೀದಿ ಬದಿಯ ಪೆಟ್ಟಿಗೆಯವರೆಗೆ ಮಾತ್ರ, ಅಲ್ಲಿಂದ ಮುಂದೆ ಹಳೆಯ ತಾಮ್ರವೇ. ಅದೇ ಅವಧಿಯಲ್ಲಿ ತಮ್ಮ ಸಮೂಹ 2012ರಲ್ಲಿ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಪ್ರಸಾರ ಹಕ್ಕಿಗೆ 73.8 ಕೋಟಿ ಪೌಂಡ್, 2013ರಲ್ಲಿ ಚಾಂಪಿಯನ್ಸ್ ಲೀಗಿಗೆ 89.7 ಕೋಟಿ ಪೌಂಡ್ ಒಪ್ಪಿಕೊಂಡಿತು. 1250 ಕೋಟಿ ಪೌಂಡಿಗೆ ಇಇ ಮೊಬೈಲ್ ಕಂಪನಿಯನ್ನು ಕೊಂಡು 2016ರ ಜನವರಿಯಲ್ಲಿ ವ್ಯವಹಾರ ಮುಗಿಸಿತು. ಫೈಬರಿನ ಹಣವೇ ಫುಟ್‌ಬಾಲಿಗೆ ಹೋಯಿತು ಎಂದು ನಾನು ಹೇಳುತ್ತಿಲ್ಲ. ಹಣದ ಪೆಟ್ಟಿಗೆ ಒಂದೇ ಆಗಿರುವಾಗ ಹೋಯಿತೆಂದು ಹೇಳಲೂ ಆಗದು, ಹೋಗಲಿಲ್ಲವೆಂದು ಸಾಧಿಸಲೂ ಆಗದು. ಈ ಅನುಕೂಲವೇ ತಮ್ಮ ಏರ್ಪಾಡಿನ ಸೊಗಸು. ಇನ್ನು ಎಲ್ಲ ಗಿರಾಕಿಗಳೂ ಸಮಾನರೆಂಬ ವಚನದ ಮಾತು. 2013ರ ಜನವರಿಯಿಂದ 2014ರ ಡಿಸೆಂಬರ್‌ವರೆಗೆ, ಇತರ ಕಂಪನಿಗಳಿಗೆ ಈಥರ್‌ನೆಟ್ ಮಾರ್ಗಗಳನ್ನು ತಡವಾಗಿ ಕೊಟ್ಟದ್ದಕ್ಕೆ ತೆರಬೇಕಿದ್ದ ಪರಿಹಾರವನ್ನು ತಗ್ಗಿಸಲು, ತಡವಾಗುವುದಕ್ಕೆ ಗಿರಾಕಿಯ ಸಮ್ಮತಿ ಇದೆಯೆಂದು ಭಾವಿಸಿಕೊಳ್ಳುವ ಕರಾರಿನ ಕಲಮನ್ನು ಓಪನ್‌ರೀಚ್ ಹಿಂದಿನ ತಾರೀಖಿನಿಂದ ಅನ್ವಯಿಸಿತು. ಆಫ್‌ಕಾಮ್ 4.2 ಕೋಟಿ ಪೌಂಡ್ ದಂಡ ಹಾಕಿತು. ಗಿರಾಕಿಗಳಿಗೆ ಕೊಡಬೇಕಾದ ಪರಿಹಾರ ಸುಮಾರು 30 ಕೋಟಿ ಪೌಂಡ್ ಆಗಬಹುದೆಂದು ತಾವೇ ಅಂದಾಜಿಸಿದಿರಿ. ದಂಡ ಬಿದ್ದದ್ದೂ 2017ರ ಮಾರ್ಚ್‌ನಲ್ಲೇ, ಹೊಸ ಪ್ರತ್ಯೇಕತೆಗೆ ಒಪ್ಪಿದ ತಿಂಗಳಲ್ಲೇ. ಮುಹೂರ್ತ ಇಟ್ಟವರು ಯಾರೋ.

ತಮ್ಮ ಪರವಾದ ವಾದಗಳನ್ನು ಬಲ್ಲೆ. ಅವು ಹಗುರವೂ ಅಲ್ಲ. ಆಸ್ತಿಯನ್ನು ವರ್ಗಾಯಿಸಿದರೆ ಪಿಂಚಣಿ ನಿಧಿಯ ಗತಿಯೇನು ಎಂಬುದು ಮೊದಲನೆಯದು. 1984ರ ಖಾಸಗೀಕರಣದ ಕಾಲದಿಂದ ಬಂದ ಸರ್ಕಾರಿ ಖಾತರಿ ಆ ನಿಧಿಯ ಬೆನ್ನಿಗಿದೆ, ಲಕ್ಷಾಂತರ ಹಳೆಯ ನೌಕರರ ಬದುಕು ಅದಕ್ಕೆ ತಗುಲಿಕೊಂಡಿದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಒಡೆತನ ಬಿಟ್ಟುಕೊಡುವುದು ಯಾಕೆ ಕಷ್ಟ ಎಂಬುದಕ್ಕೆ ಕಾರಣವೇ ಹೊರತು, ಬಿಟ್ಟುಕೊಡದಿದ್ದರೂ ಸ್ವತಂತ್ರ ಎಂಬುದಕ್ಕೆ ಆಧಾರವಲ್ಲ. ಎರಡನೆಯದು ಇನ್ನೂ ಗಟ್ಟಿ: ಈ ಅರೆ ಪಾಲಿನ ಕೆಳಗೇ ಓಪನ್‌ರೀಚ್ ಫೈಬರ್ ಹಾಕಿ ತೋರಿಸಿದೆ. 2024ರಲ್ಲಿ ಅದರ ಫೈಬರ್ ಒಂದೂವರೆ ಕೋಟಿ ಕಟ್ಟಡಗಳ ಬಾಗಿಲವರೆಗೆ ತಲುಪಿತು. 2026ರ ಡಿಸೆಂಬರಿಗೆ ಎರಡೂವರೆ ಕೋಟಿ ಎಂಬ ಗುರಿ ಇದೆ. ಭೇಷ್ ಎನ್ನಲೇಬೇಕು. ಆದರೆ ಈ ಹುರುಪು ಯಾವಾಗ ಬಂತೆಂದು ತಾರೀಖು ನೋಡಿ. ಪೂರ್ತಿ ಒಡೆದುಬಿಡಿ ಎಂದು ಸಂಸದರೂ ಪ್ರತಿಸ್ಪರ್ಧಿಗಳೂ ಪಟ್ಟು ಹಿಡಿದ ಮೇಲೆ. ತಮ್ಮ ಕೊಳವೆ ಮತ್ತು ಕಂಬಗಳನ್ನು ಎದುರಾಳಿಗಳಿಗೂ ಸಲೀಸಾಗಿ ತೆರೆಯಬೇಕೆಂದು ಆಫ್‌ಕಾಮ್ ಬಿಗಿಮಾಡಿ, ಸಿಟಿಫೈಬರ್‌ನಂಥವರು ಬೀದಿಗಿಳಿದು ಅಗೆಯತೊಡಗಿದ ಮೇಲೆ. ಹೊಸ ಫೈಬರಿನ ದರವನ್ನು ಕನಿಷ್ಠ ಹತ್ತು ವರ್ಷ ವೆಚ್ಚಕ್ಕೆ ಕಟ್ಟಿಹಾಕುವ ಅಂದಾಜಿಲ್ಲವೆಂದು ಆಫ್‌ಕಾಮ್ ಹೇಳಿದ್ದು 2021ರ ಮಾರ್ಚ್‌ನಲ್ಲಿ. ತಾವು ಗುರಿಯನ್ನು ಎರಡು ಕೋಟಿಯಿಂದ ಎರಡೂವರೆ ಕೋಟಿಗೆ ಏರಿಸಿದ್ದು ಮೇ ತಿಂಗಳಲ್ಲಿ. ಎದುರಾಳಿಯ ಭಯ, ಲಾಭದ ಭರವಸೆ ಇವೆರಡೂ ಕೆಲಸ ಮಾಡಿಸಿವೆ. ಪಾಲುಪಟ್ಟಿಗೆ ಇದರಲ್ಲಿ ಎಷ್ಟು ಶ್ರೇಯ ಸಲ್ಲಬೇಕೋ ಅಷ್ಟು ಸಲ್ಲಲಿ, ಅದಕ್ಕಿಂತ ಹೆಚ್ಚು ಬೇಡ.

ಪೂರ್ತಿ ಒಡೆದವರೇನು ಉದ್ಧಾರವಾದರೇ ಎಂದು ತಾವು ಕೇಳುವಿರಿ. ನ್ಯೂಜಿಲೆಂಡ್ ಕಡೆ ತಿರುಗಿ ನೋಡೋಣ. ಅಲ್ಲಿಯ ಟೆಲಿಕಾಂ ಕಂಪನಿಯೂ ತಮ್ಮ ಹಾಗೆಯೇ ಮೊದಲು ಒಳಗೊಳಗೆ ಗೋಡೆ ಕಟ್ಟಿಕೊಂಡಿತ್ತು. ಸರ್ಕಾರದ ಫೈಬರ್ ಯೋಜನೆಯ ಗುತ್ತಿಗೆ ಬೇಕಿದ್ದರೆ ಜಾಲವನ್ನು ಬಿಟ್ಟುಕೊಡಬೇಕಾಯಿತು. 2011ರ ಡಿಸೆಂಬರ್ 1ರಂದು ಅದರ ಜಾಲದ ವಿಭಾಗ ಕೋರಸ್ ಬೇರೆಯೇ ಕಂಪನಿಯಾಯಿತು, ಮೂಲ ಕಂಪನಿಯ ಪ್ರತಿ ಐದು ಷೇರಿಗೆ ಒಂದು ಕೋರಸ್ ಷೇರು ಹಂಚಲಾಯಿತು. ಚಿಲ್ಲರೆ ಮಾರಾಟಕ್ಕೆ ಅದು ಕೈಹಾಕುವಂತಿಲ್ಲ. 2013ರಲ್ಲಿ ತಾಮ್ರದ ಸಗಟು ದರವನ್ನು ನಿಯಂತ್ರಕರು ಇಳಿಸಿದಾಗ ಕೋರಸ್ ತತ್ತರಿಸಿದ್ದು ನಿಜ. ಸರ್ಕಾರದ ಹಣದ ಆಸರೆ ಅದಕ್ಕಿತ್ತು ಎಂಬುದೂ ನಿಜ. ಆದರೂ 2022ರ ಕೊನೆಗೆ ಆ ಯೋಜನೆ ಜನಸಂಖ್ಯೆಯ ಶೇಕಡಾ 87ರಷ್ಟನ್ನು ತಲುಪಿತು. ಕೋರಸ್ ಕಷ್ಟಪಟ್ಟಾಗ ಆ ಕಷ್ಟ ಅದರದೇ ಲೆಕ್ಕಪುಸ್ತಕದಲ್ಲಿ, ಅದರದೇ ಷೇರು ಬೆಲೆಯಲ್ಲಿ ಊರಿಗೆಲ್ಲ ಕಂಡಿತು, ಚರ್ಚೆಯಾಯಿತು, ದರ ಸರಿಯೋ ತಪ್ಪೋ ಎಂದು ಜಗಳವಾಯಿತು. ಇಟಲಿಯಲ್ಲಿ ಟಿಮ್ ಕಂಪನಿ 2024ರ ಜುಲೈನಲ್ಲಿ ತನ್ನ ಜಾಲವನ್ನೇ ಹೂಡಿಕೆ ಸಂಸ್ಥೆ ಕೆಕೆಆರ್‌ಗೆ ಮಾರಿತು. ಅದು ಸಾಲ ತೀರಿಸುವ ಮಾರಾಟ, ಆದರ್ಶದ ಮಾತೇ ಅಲ್ಲಿರಲಿಲ್ಲ. ಕಾರಣ ಯಾವುದಾದರೂ ಇರಲಿ, ಅಲ್ಲಿ ಪಹಣಿ ಬದಲಾಯಿತು.

ಹಾಗಾಗಿ ಅಭಿನಂದನೆಯ ಜೊತೆಗೆ ಒಂದೇ ಒಂದು ಕೋರಿಕೆ. ತಮ್ಮ ಮುಂದಿನ ವಾರ್ಷಿಕ ವರದಿಯಲ್ಲಿ ಒಂದು ಪುಟ ಖಾಲಿ ಮಾಡಿಸಿ. 2017ರಿಂದ ಈಚೆಗೆ ಓಪನ್‌ರೀಚ್ ಮಂಡಳಿ ಕೇಳಿದ ಬಂಡವಾಳವೆಷ್ಟು, ತಾವು ಕೊಟ್ಟದ್ದೆಷ್ಟು ಎಂದು ವರ್ಷವಾರು ಅದರಲ್ಲಿ ಬರೆಸಿ. ಎರಡೂ ಸಂಖ್ಯೆ ಪ್ರತಿವರ್ಷ ಒಂದೇ ಆಗಿದ್ದರೆ, ಮಗ ಕೇಳುವ ಮೊದಲು ಯಾರ ಮುಖ ನೋಡುತ್ತಾನೆ ಎಂಬುದನ್ನೂ ಕೆಳಗೆ ಅಡಿಟಿಪ್ಪಣಿಯಲ್ಲಿ ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಓದುಗ

ತಾ.ಕ.: ದೂರದ ಲಂಡನ್ನಿನ ತಂತಿಯ ಉಸಾಬರಿ ನಿನಗೇಕೆ ಎನ್ನಬೇಡಿ. 2024ರ ಆಗಸ್ಟಿನಲ್ಲಿ ತಮ್ಮ ಕಂಪನಿಯ ಶೇಕಡಾ 24.5ರಷ್ಟು ಪಾಲನ್ನು ಆಲ್ಟಿಸ್ ಎಂಬ ಕಂಪನಿಯಿಂದ ಕೊಳ್ಳುವುದಾಗಿ ಘೋಷಿಸಿದ್ದು ನಮ್ಮ ಭಾರ್ತಿಯವರು; ಅವರ ಏರ್‌ಟೆಲ್ ಬೆಂಗಳೂರಿನಲ್ಲಿ ತಂತಿಯನ್ನೂ ತಾನೇ ಎಳೆದು, ಬಿಲ್ಲನ್ನೂ ತಾನೇ ಕಳಿಸುತ್ತದೆ. ಎದುರಾಳಿಗೂ ಸಮಾನ ದರದಲ್ಲಿ ಜಾಲ ಬಾಡಿಗೆಗೆ ಕೊಡುವ ಪಾಠ ಅವರಿಗೆ ಅಲ್ಲಿ ಹೇಗೂ ಆಗುತ್ತಿರಬೇಕು. ಟಿಪ್ಪಣಿ ಬರೆದುಕೊಂಡಿದ್ದರೆ ಒಂದು ಪ್ರತಿ ಇತ್ತ ಕಳಿಸಲು ಹೇಳಿ.